ಊರಿನ ಕಲ್ಲು, ಗ್ರಂಥಾಲಯದ ಕಂಪ್ಯೂಟರು

ಮದ್ದೂರು ಎಂದೊಡನೆ ಎಲ್ಲರಿಗೂ ಮೊದಲು ನೆನಪಾಗುವುದು ವಡೆ. ಆದರೆ ಕನ್ನಡ ನಾಡಿನ ಇತಿಹಾಸ ಓದಿದವರಿಗೆ ಅದೇ ತಾಲ್ಲೂಕಿನ ಇನ್ನೊಂದು ಊರೂ ನೆನಪಾಗಬೇಕು. ಅದು ಆತಗೂರು. ಮಂಡ್ಯ ಜಿಲ್ಲೆಯ ನೂರಾರು ಊರುಗಳಂತೆ ಹೊರಗಿನಿಂದ ನೋಡಿದರೆ ಇದೂ ಒಂದು ಹೋಬಳಿ ಊರು. ಆದರೆ ಸಾವಿರ ವರ್ಷಗಳ ಹಿಂದೆ ಇಲ್ಲಿ ನಿಲ್ಲಿಸಿದ ಒಂದು ಕಲ್ಲು ದಕ್ಷಿಣ ಭಾರತದ ಚರಿತ್ರೆಯ ಪುಸ್ತಕಗಳಲ್ಲೆಲ್ಲ ಬಂದು ಹೋಗುತ್ತದೆ.

ಆ ಕಲ್ಲಿನ ಕಥೆ ಸೊಗಸಾಗಿದೆ. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ದೊಡ್ಡ ಕಾಳಗ ನಡೆಯಿತು. ಕೃಷ್ಣನ ಕಡೆ ಕಾದಿದವನು ಗಂಗರ ಬೂತುಗ. ರಾಜಾದಿತ್ಯ ಬೂತುಗನ ಕೈಯಲ್ಲಿ ಮಡಿದ. ಬೂತುಗನ ಜೊತೆಗಿದ್ದ ಮಣಲೇರ ಎಂಬ ವೀರನ ಶೌರ್ಯ ಕಂಡು ಒಡೆಯನಿಗೆ ಸಂತೋಷವಾಯಿತು. ಬೇಕಾದ್ದನ್ನು ಕೇಳು ಎಂದ. ಮಣಲೇರ ಹೊನ್ನು ಕೇಳಲಿಲ್ಲ, ಮಣ್ಣು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಪಶ್ಚಿಮದ ಬೆಟ್ಟದಲ್ಲಿ ಆ ನಾಯಿಯನ್ನು ಒಂದು ಭಾರಿ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಜೊತೆಯಲ್ಲೇ ಸತ್ತವು. ಆ ನಾಯಿಯ ನೆನಪಿಗಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಕೆರೆಯ ಕೆಳಗೆ ಎರಡು ಖಂಡುಗ ನೆಲ ಬಿಟ್ಟುಕೊಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾದಾಟದ ಕೆತ್ತನೆಯೂ ಇದೆ. ಒಂದು ನಾಯಿಯ ಸಾವು ಮತ್ತು ಒಬ್ಬ ಚೋಳ ರಾಜಕುಮಾರನ ಸಾವು ಒಂದೇ ಕಲ್ಲಿನಲ್ಲಿ ಕನ್ನಡದಲ್ಲಿ ದಾಖಲಾಗಿರುವುದು ಸೋಜಿಗವಲ್ಲವೆ?

ಆ ಕಲ್ಲು ಈಗ ಊರಿನಲ್ಲಿಲ್ಲ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಕಲ್ಲಿನ ಮೇಲಿನ ಬರಹವನ್ನು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೇ ಸಂಪುಟದಲ್ಲಿ 1894ರಲ್ಲಿ ಅಚ್ಚು ಹಾಕಿಸಿದರು. ಸಂಸ್ಥಾನದ ಮೂಲೆ ಮೂಲೆಯಿಂದ ಸುಮಾರು 9,000 ಶಾಸನಗಳನ್ನು ಕೂಡಿಸಿ 12 ಸಂಪುಟಗಳಲ್ಲಿ ತಂದ ಪುಣ್ಯಾತ್ಮ ಅವರು. ಆದರೆ ಆ ದಪ್ಪ ಸಂಪುಟಗಳು ಹೋಗಿ ಕುಳಿತದ್ದು ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ, ವಿದ್ವಾಂಸರ ಮನೆಗಳಲ್ಲಿ. ಹೀಗಾಗಿ ನೂರು ವರ್ಷಗಳ ಕಾಲ ಆತಗೂರಿನ ಮಕ್ಕಳಿಗೆ ಕಲ್ಲೂ ದೂರ, ಕಲ್ಲಿನ ಮೇಲಿನ ಮಾತೂ ದೂರ. ಓದಬೇಕೆಂದರೆ ಬಸ್ಸು ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಹೋದ ಮೇಲೂ ಒಳಗೆ ಬಿಡಬೇಕಲ್ಲ!

ಈಗ ಕಾಲ ಬದಲಾಗಿದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆ ಜನ ಕಟ್ಟುವ ಗ್ರಂಥಾಲಯ ಕರದ ಹಿಂದೆ ಇರುವುದು ಆ ಕಾಯಿದೆಯೇ. 2019ರಲ್ಲಿ ಹಳ್ಳಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 5,000ಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳಲ್ಲಿ ಇರುವ ಇವುಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದರು. ಅನೇಕ ಕಡೆ ಕಂಪ್ಯೂಟರು, ಟಿ.ವಿ., ಅಂತರ್ಜಾಲ ಸಂಪರ್ಕ ಬಂದಿವೆ. ಪತ್ರಿಕೆಗಳನ್ನು ಜೋಡಿಸಿ, ಪುಸ್ತಕದ ಲೆಡ್ಜರ್ ಬರೆದು, ಸಂಜೆ ಬೀಗ ಹಾಕಿ ಹೋಗುತ್ತಿದ್ದ ಮೇಲ್ವಿಚಾರಕರ ಮುಂದೆ ಈಗ ಇನ್ನೊಂದು ಬಗೆಯ ಕೆಲಸ ಬಂದು ನಿಂತಿದೆ.

ಅದು ಎಂಥ ಕೆಲಸ? ಒಂದು ಉದಾಹರಣೆ ಇಟ್ಟುಕೊಂಡು ನೋಡಬಹುದು. ಆತಗೂರಿನಂಥ ಊರಿನ ಹೈಸ್ಕೂಲು ಹುಡುಗಿಯೊಬ್ಬಳಿಗೆ ಮೇಷ್ಟ್ರು ‘ನಮ್ಮ ಊರಿನ ಇತಿಹಾಸ’ ಎಂದು ಪ್ರಾಜೆಕ್ಟ್ ಕೊಟ್ಟರೆನ್ನಿ. ಹುಡುಗಿ ಅಪ್ಪನ ಮೊಬೈಲಿನಲ್ಲಿ ಊರಿನ ಹೆಸರು ಹೊಡೆಯುತ್ತಾಳೆ. ಪಿನ್‌ಕೋಡು ಬರುತ್ತದೆ, ಹವಾಮಾನ ಬರುತ್ತದೆ, ಸೈಟು ಮಾರಾಟದ ಜಾಹೀರಾತು ಬರುತ್ತದೆ. ಸಾವಿರ ವರ್ಷದ ಕಲ್ಲು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಆಕೆ ಗ್ರಂಥಾಲಯಕ್ಕೆ ಬಂದು, ‘ಮೇಡಂ, ನಮ್ಮೂರಿನ ಬಗ್ಗೆ ನೆಟ್ಟಲ್ಲಿ ಏನೂ ಇಲ್ಲ’ ಎನ್ನುತ್ತಾಳೆ. ಮೇಲ್ವಿಚಾರಕಿಗೆ ಗೊತ್ತು, ‘ಏನೂ ಇಲ್ಲ’ ಮತ್ತು ‘ಏನೂ ಸಿಗಲಿಲ್ಲ’ ಇವೆರಡೂ ಒಂದೇ ಅಲ್ಲ. ‘ಯಾವ ಹೆಸರಿನಲ್ಲಿ ಹುಡುಕಿದೆ ಪುಟ್ಟಿ?’ ಎಂದು ಕೇಳುತ್ತಾರೆ.

ತೊಡಕು ಇರುವುದೇ ಅಲ್ಲಿ. ಇವತ್ತಿನ ಊರು ಆತಗೂರು. ಕಲ್ಲಿನ ಮೇಲೆ ಇರುವುದು ಆತುಕೂರು. ವಿದ್ವಾಂಸರು ಬರೆಯುವುದು ಆತಕೂರು ಶಾಸನ ಎಂದು. ಇಂಗ್ಲಿಷ್ ಪುಸ್ತಕಗಳಲ್ಲೂ ‘ಗ’ ಕಾರವಿಲ್ಲ, ‘ಕ’ ಕಾರವಿದೆ. ಒಂದು ಅಕ್ಷರ ಬದಲಿಸಿ ಹುಡುಕಿದ ಕೂಡಲೇ ಬಾಗಿಲು ತೆರೆಯುತ್ತದೆ. ಕಂಪ್ಯೂಟರಿಗೆ ಎಷ್ಟೇ ಜಾಣ್ಮೆ ಇರಲಿ, ಇವೆಲ್ಲ ಒಂದೇ ಊರು ಎಂಬುದನ್ನು ಯಾರಾದರೂ ಮೊದಲು ಬರೆದಿಟ್ಟಿದ್ದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಹಳೆಯ ಗ್ರಂಥಾಲಯಗಳಲ್ಲಿ ಉದ್ದನೆಯ ಮರದ ಡ್ರಾಯರುಗಳಲ್ಲಿ ಕಾರ್ಡುಗಳು ಇರುತ್ತಿದ್ದುದನ್ನು ತಂದೆತಾಯಂದಿರು ನೋಡಿರಬಹುದು. ಒಂದು ಹೆಸರಿನ ಕಾರ್ಡು ತೆಗೆದರೆ ‘ಇದಕ್ಕಾಗಿ ಆ ಹೆಸರು ನೋಡಿ’ ಎಂದು ಇನ್ನೊಂದರತ್ತ ಕೈ ತೋರಿಸುತ್ತಿತ್ತು. ಆ ಕೈಕಂಬದ ಕೆಲಸ ಇಂದಿಗೂ ಮುಗಿದಿಲ್ಲ.

ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಪಂಚಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಓದುಗನ ಹೊತ್ತು ಹಾಳಾಗದಂತೆ ನೋಡಿಕೊಳ್ಳುವುದೂ ಅವರ ಸೂತ್ರಗಳಲ್ಲಿ ಒಂದು. ಅಂತರ್ಜಾಲ ಹುಟ್ಟುವ ಮೊದಲೇ ಹೇಳಿದ ಮಾತಾದರೂ ಅದರ ಬೆಲೆ ತಿಳಿಯುವುದು ಈಗ. ಪುಸ್ತಕ ಕಡಿಮೆ ಇದ್ದಾಗ ಹುಡುಕಾಟಕ್ಕೆ ಒಂದು ಮಿತಿ ಇತ್ತು. ಈಗ ಲಕ್ಷ ಪುಟಗಳು ಎದುರಿಗೆ ಬಂದು ಬೀಳುವಾಗ ಬೇಕಾದ ಒಂದು ಪುಟವನ್ನು ತೋರಿಸಿಕೊಡುವವರು ಇರಬೇಕು.

ಹೆಸರಿನ ತೊಡಕು ಕಳೆದರೆ ಅಕ್ಷರದ ತೊಡಕು. ಕಂಪ್ಯೂಟರಿಗೆ ಕನ್ನಡ ಕಲಿಸಲು ಅನೇಕರು ದುಡಿದಿದ್ದಾರೆ. ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕಚೇರಿಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ಇವು ಮನೆಮಾತಾದವು. ಆದರೆ ಆಗಿನ ಕಡತಗಳಲ್ಲಿ ಬಹುಪಾಲು ಆಯಾ ತಂತ್ರಾಂಶದ ಅಕ್ಷರಶೈಲಿಯನ್ನೇ ನೆಚ್ಚಿಕೊಂಡಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಕಣ್ಣಿಗೆ ಕಾಣದ್ದು ಹುಡುಕಾಟಕ್ಕೆ ಸಿಗುವುದು ಹೇಗೆ? ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬಂದ ಮೇಲೆ ಈ ಗೋಳು ತಪ್ಪಿತು. ಈಗ ಮೊಬೈಲಿನಲ್ಲಿ ಬರೆಯುವ ಕನ್ನಡವೆಲ್ಲ ಯೂನಿಕೋಡ್. ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೂ ಅದರಲ್ಲಿ ಜಾಗವಿದೆ.

ಆದರೂ ಹಳೆಯ ಪುಸ್ತಕಗಳ ವಿಷಯ ಬೇರೆ. ಅವು ಅಂತರ್ಜಾಲಕ್ಕೆ ಬಂದಿರುವುದು ಹೆಚ್ಚಾಗಿ ಚಿತ್ರಗಳಾಗಿ. ಪುಟದ ಫೋಟೋ ತೆಗೆದು ಜೋಡಿಸಿದ್ದಾರೆ, ಅಷ್ಟೆ. ಫೋಟೋದಲ್ಲಿರುವ ಮಾತನ್ನು ಯಂತ್ರವೇ ಓದಿ ಅಕ್ಷರವಾಗಿ ಮಾರ್ಪಡಿಸುವ ಸೌಲಭ್ಯ ಈಗ ಕನ್ನಡಕ್ಕೂ ಬಂದಿದೆ. ಸ್ಪಷ್ಟವಾದ ಅಚ್ಚಿದ್ದರೆ ಚೆನ್ನಾಗಿಯೇ ಓದುತ್ತದೆ. ಮಸುಕಾದ ಪುಟ, ಒತ್ತಕ್ಷರ, ಹಳೆಯ ಅಕ್ಷರ ಬಂದಾಗ ಎಡವುತ್ತದೆ. ಆಮೇಲೆ ಮನುಷ್ಯರೇ ಕುಳಿತು ತಿದ್ದಬೇಕು.

ಈ ಪುಸ್ತಕಗಳು ಸಿಗುವುದೆಲ್ಲಿ? ಇದಕ್ಕೂ ಒಂದು ಹಿನ್ನೆಲೆ ಇದೆ. 2000ದ ನಂತರದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನೊಡನೆ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಯೋಜನೆ ನಡೆಯಿತು. ಅದರಲ್ಲಿ ಭಾರತೀಯ ಭಾಷೆಗಳ ಲಕ್ಷಾಂತರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು. ಆದರೆ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆಂದರೆ ಹಾಗೆ ಬರೆದುಬಿಟ್ಟಿದ್ದರು. ಪುಸ್ತಕ ಇದ್ದೂ ಇಲ್ಲದಂತಾಗಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆ! 2010ರ ದಶಕದಲ್ಲಿ ‘ಸಂಚಯ’ ಎಂಬ ಕನ್ನಡ ತಂತ್ರಜ್ಞರ ಬಳಗ ‘ಪುಸ್ತಕ ಸಂಚಯ’ ಎಂಬ ತಾಣ ಮಾಡಿ, ಸ್ವಯಂಸೇವಕರಿಂದ ಆ ಹೆಸರುಗಳನ್ನೆಲ್ಲ ಕನ್ನಡಕ್ಕೆ ತರಿಸಿತು. ಮನೆಯಲ್ಲಿ ಕುಳಿತು ದಿನಕ್ಕೆ ನಾಲ್ಕು ಹೆಸರು ತಿದ್ದಿದವರೂ ಆ ಮಟ್ಟಿಗೆ ಗ್ರಂಥಪಾಲಕರೇ.

ಮುಂದೆ ಆ ಯೋಜನೆಯ ಮೂಲ ತಾಣ ನಿಂತುಹೋಯಿತು. ಪುಸ್ತಕಗಳೂ ಹೋದವು ಎನ್ನುವಷ್ಟರಲ್ಲಿ, ಅವುಗಳಲ್ಲಿ ಬಹಳಷ್ಟರ ಪ್ರತಿ ಅಮೆರಿಕದ ‘ಇಂಟರ್‌ನೆಟ್ ಆರ್ಕೈವ್’ ಎಂಬ ಸಂಗ್ರಹದಲ್ಲಿ ಉಳಿದುಕೊಂಡವು. 1996ರಲ್ಲಿ ಆರಂಭವಾದ ಆ ಸಂಗ್ರಹದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ಒಂದು ಪ್ರತಿ ಒಂದೇ ಕಡೆ ಇದ್ದರೆ ಬೆಂಕಿಗೂ ಗೆದ್ದಲಿಗೂ ತುತ್ತು. ಹತ್ತು ಕಡೆ ಹಂಚಿದ್ದರೆ ಎಲ್ಲಾದರೂ ಒಂದು ಕಡೆ ಉಳಿಯುತ್ತದೆ. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡಿ ಕೊಡುವುದು ಪುಣ್ಯದ ಕೆಲಸವಾಗಿದ್ದುದು ಇದಕ್ಕೇ. ರೈಸ್ ಅವರ ಸಂಪುಟಗಳೂ ಈಗ ಹೀಗೆ ಓದಲು ಸಿಗುತ್ತವೆ. ಗ್ರಂಥಾಲಯದ ಆ ಹುಡುಗಿ ತನ್ನ ಊರಿನ ಕಲ್ಲಿನ ಬರಹವನ್ನು ಊರಿನಲ್ಲೇ ಕುಳಿತು ನೋಡುತ್ತಾಳೆ.

ಪ್ರಾಜೆಕ್ಟ್ ಮುಗಿಯಿತು, ಇನ್ನು ನಕಲು ಮಾಡುವುದೊಂದೇ ಬಾಕಿ ಎಂದು ಹುಡುಗಿಗೆ ಅನ್ನಿಸಬಹುದು. ಆದರೆ ಮೇಲ್ವಿಚಾರಕಿ ಅಲ್ಲೊಂದು ಕ್ಷಣ ತಡೆಯಬೇಕಾಗುತ್ತದೆ. ಈ ಶಾಸನದ ವಿಷಯದಲ್ಲೇ ಅದಕ್ಕೆ ಒಳ್ಳೆಯ ಕಾರಣವಿದೆ. ಬೂತುಗ ರಾಜಾದಿತ್ಯನನ್ನು ಕೊಂದದ್ದು ಹೇಗೆ ಎಂಬ ಸಾಲನ್ನು ಮೊದಮೊದಲು ಅರ್ಥ ಮಾಡಿದಾಗ, ಅವನು ಮೋಸದಿಂದ ಇರಿದು ಕೊಂದ ಎಂಬ ಕಥೆ ಹುಟ್ಟಿಕೊಂಡಿತು. ಬಳಿಕ ಜೆ.ಎಫ್. ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಆರನೇ ಸಂಪುಟದಲ್ಲಿ ಶಾಸನವನ್ನು ಮತ್ತೆ ಪರಿಶೀಲಿಸಿ ಆ ಅರ್ಥವನ್ನು ತಿದ್ದಿದರು. ಸಾಲಿನಲ್ಲಿ ಇರುವುದು ‘ಕಳ’, ಅಂದರೆ ರಣರಂಗ. ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕಾದಿ ಕೊಂದ ಎಂಬುದು ಅದರ ಭಾವ. ‘ಕಳ’ವನ್ನು ‘ಕಳ್ಳ’ ಎಂದು ಓದಿದರೆ ವೀರ ವಂಚಕನಾಗಿಬಿಡುತ್ತಾನೆ! ಒಂದು ಒತ್ತಕ್ಷರದ ಅಂತರ. ಈಗ ಅಂತರ್ಜಾಲದಲ್ಲಿ ಹಳೆಯ ಅರ್ಥವೂ ಇದೆ, ತಿದ್ದಿದ ಅರ್ಥವೂ ಇದೆ. ಮೊದಲು ಕಂಡದ್ದನ್ನು ಬರೆದುಕೊಂಡವರಿಗೆ ಯಾವುದು ಸಿಗುತ್ತದೋ ಹೇಳಲಾಗದು.

ಇತ್ತೀಚೆಗೆ ಪ್ರಶ್ನೆ ಕೇಳಿದರೆ ನೇರವಾಗಿ ಉತ್ತರವನ್ನೇ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ಅವುಗಳ ಕನ್ನಡವೂ ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ. ಆದರೆ ಅವು ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಧಾಟಿಯಲ್ಲಿ ಹೇಳಬಲ್ಲವು. ಕೇಳುವವರು ಜಾಗರೂಕರಾಗಿರಬೇಕು. ಗ್ರಂಥಪಾಲಕರು ಹಿಂದಿನಿಂದ ಕೇಳುತ್ತ ಬಂದಿರುವ ಮೂರು ಪ್ರಶ್ನೆಗಳು ಇಲ್ಲಿಯೂ ಸಾಕು. ಹೇಳಿದವರು ಯಾರು? ಯಾವಾಗ ಹೇಳಿದ್ದು? ಯಾವ ಆಧಾರದ ಮೇಲೆ ಹೇಳಿದ್ದು? ಈ ಮೂರಕ್ಕೂ ಉತ್ತರ ಸಿಕ್ಕರೆ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಸಿಗದಿದ್ದರೆ ಇನ್ನೊಂದು ಪುಸ್ತಕ ತೆರೆಯಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಶಾಸನ ಸಂಪುಟಗಳನ್ನು 1972ರಿಂದ ಪರಿಷ್ಕರಿಸಿ ಹೊಸದಾಗಿ ತಂದಿದೆ. ಮದ್ದೂರು ತಾಲ್ಲೂಕಿನ ಶಾಸನಗಳು ಅದರ ಏಳನೇ ಸಂಪುಟದಲ್ಲಿವೆ. ಅದನ್ನೂ ನೋಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದನ್ನು ಕಲಿತ ಮಗುವಿಗೆ ಮುಂದೆ ಯಾವ ಪರೀಕ್ಷೆಯೂ ಭಯ ಹುಟ್ಟಿಸುವುದಿಲ್ಲ.

ಇಷ್ಟೆಲ್ಲ ಪಡೆದುಕೊಳ್ಳುವ ಮಾತಾಯಿತು. ಕೊಡುವ ಮಾತೂ ಇದೆ. 1989ರಲ್ಲಿ ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆ ಮುಂದಿಟ್ಟರು. 1993ರಲ್ಲಿ ಆ ಸಂಸ್ಥೆ ಅದರ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಜಗತ್ತಿಗೇ ಬಿಟ್ಟುಕೊಟ್ಟಿತು. ಬಿಟ್ಟುಕೊಡದಿದ್ದರೆ ಇವತ್ತು ಹಳ್ಳಿಯ ಗ್ರಂಥಾಲಯದವರೆಗೆ ಅದು ಬರುತ್ತಿತ್ತೋ ಇಲ್ಲವೋ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅದನ್ನು ಬರೆಯುವವರು ಸಂಬಳದ ಪಂಡಿತರಲ್ಲ; ಆಧಾರ ಕೊಟ್ಟು ಬರೆಯಬಲ್ಲ ಯಾರಾದರೂ ಬರೆಯಬಹುದು, ತಪ್ಪಿದ್ದರೆ ತಿದ್ದಬಹುದು. ಆತಗೂರಿನ ಕೆರೆ ಯಾವ ಕಡೆ ಇದೆ, ಗುಡಿಯ ಹೆಸರನ್ನು ಊರಿನ ಹಿರಿಯರು ಹೇಗೆ ಉಚ್ಚರಿಸುತ್ತಾರೆ, ಗದ್ದೆಬಯಲಿನ ಹಳೆಯ ಹೆಸರುಗಳೇನು ಎಂಬುದು ಲಂಡನ್ನಿನಲ್ಲಿ ಕುಳಿತ ವಿದ್ವಾಂಸನಿಗೆ ತಿಳಿಯದು. ಊರಿನ ಅಜ್ಜಿಗೆ ತಿಳಿದಿದೆ. ಅಜ್ಜಿಯ ಮಾತನ್ನು ಕೇಳಿ, ಹೇಳಿದವರು ಯಾರು ಎಂಬುದನ್ನೂ ಸೇರಿಸಿ ಬರೆದಿಡುವುದು ಊರಿನ ಮಕ್ಕಳಿಂದಲೇ ಆಗಬೇಕಾದ ಕೆಲಸ.

ಇದು ಬರಿಯ ಆಸೆಯ ಮಾತಲ್ಲ. ಬೆಂಗಳೂರಿನಲ್ಲಿ ಇಂಜಿನಿಯರ್ ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರು ರೈಸ್ ಅವರ ಹಳೆಯ ಸಂಪುಟ ಹಿಡಿದುಕೊಂಡು ಬೀದಿ ಬೀದಿ ಅಲೆದು ಶಾಸನಗಳನ್ನು ಹುಡುಕಿದರು. ಕಂಡದ್ದನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೋರಿಸಿದರು. 2018ರಲ್ಲಿ ಹೆಬ್ಬಾಳದಲ್ಲಿ ಎಂಟನೇ ಶತಮಾನದ ಕಿತ್ತಯ್ಯನ ವೀರಗಲ್ಲು ಸಿಕ್ಕಿದಾಗ ಅಲ್ಲಿನ ಜನರೇ ಅದನ್ನು ಕಾಪಾಡಲು ಮುಂದಾದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಆರಂಭಿಸಿತು. ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರಗಳೂ ಅದರಲ್ಲಿ ಓದಲು ಸಿಗುತ್ತವೆ. ಒಂದು ಊರಿನವರು ಹಂಚಿಕೊಂಡದ್ದು ಇನ್ನೊಂದು ಊರಿನವರ ಕಣ್ಣು ತೆರೆಸುತ್ತದೆ.

ಹಂಚುವಾಗಲೂ ಹದ ಬೇಕು. ಎಲ್ಲ ಪುಸ್ತಕವನ್ನೂ ಫೋಟೋ ತೆಗೆದು ಹಾಕುವಂತಿಲ್ಲ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷಗಳವರೆಗೆ ಅವರ ಕೃತಿಯ ಹಕ್ಕು ಅವರ ವಾರಸುದಾರರದು. ಊರ ಹೊರಗೆ ಕಾವಲಿಲ್ಲದೆ ನಿಂತ ವೀರಗಲ್ಲಿನ ಜಾಗವನ್ನು ಇಂಚಿಂಚೂ ಬಿಡದೆ ತಿಳಿಸಿದರೆ ಮೊದಲು ಬರುವವರು ನಿಧಿಗಳ್ಳರೇ ಆಗಿರಬಹುದು. ಮಕ್ಕಳ ಫೋಟೋ, ಫೋನ್ ನಂಬರು, ಮನೆ ವಿಳಾಸ ಅಂತರ್ಜಾಲಕ್ಕೆ ಹೋಗಲೇಕೂಡದು. ಇಂಥ ಎಚ್ಚರ ಹೇಳುವುದೂ ಗ್ರಂಥಾಲಯದವರ ಕೆಲಸದಲ್ಲಿ ಸೇರಿದೆ.

ಇನ್ನು ತಂದೆತಾಯಂದಿರ ಮಾತು. ಮಗು ಮೊಬೈಲ್ ಹಿಡಿದು ಕುಳಿತರೆ ಹೊಟ್ಟೆಯಲ್ಲಿ ಸಂಕಟವಾಗುವುದು ಸಹಜ. ಆ ಭಯ ಸುಳ್ಳಲ್ಲ. ಆದರೆ ಕಿತ್ತುಕೊಂಡು ಬೀರುವಿನಲ್ಲಿ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ನೋಡುವುದಕ್ಕೂ ನಾಲ್ಕು ಜನರ ನಡುವೆ, ತಿಳಿದವರೊಬ್ಬರು ಪಕ್ಕದಲ್ಲಿರುವಾಗ ಹುಡುಕುವುದಕ್ಕೂ ಬಹಳ ವ್ಯತ್ಯಾಸವಿದೆ. ಸಂಜೆ ಒಂದು ಗಂಟೆ ಮಗುವನ್ನು ಪಂಚಾಯತಿಯ ಗ್ರಂಥಾಲಯಕ್ಕೆ ಕಳಿಸಬಹುದು. ವಾರಕ್ಕೊಮ್ಮೆ ತಾವೂ ಹೋಗಿ, ‘ಇವತ್ತು ಏನು ಹುಡುಕಿದೆ, ಎಲ್ಲಿ ಸಿಕ್ಕಿತು?’ ಎಂದು ಕೇಳಬಹುದು. ಅಲ್ಲಿ ಕಂಪ್ಯೂಟರು ಕೆಟ್ಟು ಕುಳಿತಿದ್ದರೆ, ಸಂಪರ್ಕ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ವಿಚಾರಿಸಬಹುದು. ಗ್ರಂಥಾಲಯ ಕರ ಕಟ್ಟುವವರು ತಾವೇ ಅಲ್ಲವೆ? ಮೇಲ್ವಿಚಾರಕರಿಗೂ ಹೊಸ ವಿದ್ಯೆ ಕಲಿಯಲು ತರಬೇತಿ ಬೇಕು, ಬಿಡುವು ಬೇಕು, ದುಡಿಮೆಗೆ ತಕ್ಕ ಸಂಬಳ ಬೇಕು. ಯಂತ್ರ ತಂದಿಟ್ಟು ಅದನ್ನು ನಡೆಸುವವರನ್ನು ಮರೆತರೆ ದೂಳು ಹಿಡಿಯುವುದು ಖಂಡಿತ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಎರಡೂ ಆಗದವರಿಗೆ ಕೋಶವೇ ಊರಿಗೆ ಬಂದಿದೆ. ಕಾಳಿಯ ಕಲ್ಲು ನೆಡಿಸಿದವರು ಅದರಲ್ಲಿ ಒಂದು ಕಟ್ಟುಪಾಡು ಬರೆಸಿದ್ದಾರೆ. ಕಲ್ಲಿಗೆ ಪೂಜೆ ಮಾಡದೆ ಉಂಡ ಗುಡಿಯ ಗೊರವನಿಗೆ ಪಾಪ ತಟ್ಟುವುದಂತೆ. ಕಲ್ಲು ಬೆಂಗಳೂರಿಗೆ ಹೋದ ಮೇಲೆ ಪೂಜೆಯ ಮಾತು ಉಳಿದಿಲ್ಲ. ನೆನಪಿಟ್ಟುಕೊಳ್ಳುವ ಹೊಣೆ ಮಾತ್ರ ಊರಿನಲ್ಲೇ ಇದೆ. ಆ ಹುಡುಗಿಯ ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ತಾನು ನೋಡಿದ ಪುಸ್ತಕಗಳ ಹೆಸರು, ಮಾತಾಡಿಸಿದ ಹಿರಿಯರ ಹೆಸರು ಇದ್ದರೆ, ಅದರ ಒಂದು ಪ್ರತಿಯನ್ನು ಗ್ರಂಥಾಲಯದ ಕಪಾಟಿನಲ್ಲಿ ಇಡಬಹುದು. ಮುಂದಿನ ವರ್ಷ ಅದೇ ಪ್ರಶ್ನೆ ಹಿಡಿದು ಬರುವ ಹುಡುಗನಿಗೆ ಮೇಲ್ವಿಚಾರಕಿ ಮೊದಲು ತೆಗೆದುಕೊಡುವುದು ಅದನ್ನೇ.